ಗಡಿಸೀಮೆಯಲ್ಲಿ ಕಾರ್ಬುರೇಟರಿನ ಕಾಲ



ಇತಿಹಾಸವನ್ನು ಕಲಿಸುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಮೋಟಾರಿನ ಒಂದು ಬಿಡಿಭಾಗವನ್ನು ಕುರಿತು ಮಾತನಾಡಹೊರಟರೆ ನಿಮಗೆ ಸೋಜಿಗವೆನಿಸೀತು. ರಟ್ಟ ಅರಸರ ಶಾಸನಗಳು, ಆದಿಲಶಾಹಿಯ ಆಳ್ವಿಕೆ, ನಿಪ್ಪಾಣಿಯ ದೇಸಾಯರು, ಚಿಕ್ಕೋಡಿ ಸೀಮೆಯವನು ಆಡತಕ್ಕ ಮಾತುಗಳೆಂದರೆ ಇವೇ ಎಂದು ನಾನೂ ಬಹುಕಾಲ ನಂಬಿದ್ದೆ. ನನ್ನ ಈ ನಂಬಿಕೆಯನ್ನು ಸಡಿಲಿಸಿದವು ಎರಡು ವಸ್ತುಗಳು. ಒಂದು, ನನ್ನ ತಂದೆಯವರ ಹಳೆಯ ಟಿಪ್ಪಣಿ ಪುಸ್ತಕ. ಇನ್ನೊಂದು, ಕೃಷ್ಣೆಯ ಕೆಸರು ಮೆತ್ತಿಕೊಂಡಿದ್ದ ಒಂದು ಕಾರ್ಬುರೇಟರು.

ತಂದೆಯವರು ಚಿಕ್ಕೋಡಿಯಲ್ಲಿ ಖಾಸಗಿ ವೈದ್ಯರಾಗಿದ್ದರು. 1966ರ ಮಾದರಿಯ ಅಂಬಾಸಡರ್ ಕಾರೊಂದನ್ನು 1969ರಲ್ಲಿ ಬೇರೊಬ್ಬರಿಂದ ಕೊಂಡು, ಅದರಲ್ಲಿ ರಾಯಬಾಗ, ಕುಡಚಿ, ಅಥಣಿ, ಕಾಗವಾಡಗಳ ಕಡೆಯ ಹಳ್ಳಿಗಳಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಅವರ ಟಿಪ್ಪಣಿ ಪುಸ್ತಕಕ್ಕೆ ಎರಡು ಮುಖಗಳಿದ್ದವು. ಮುಂದಿನಿಂದ ತೆರೆದರೆ ರೋಗಿಗಳ ಬಾಕಿಯ ಲೆಕ್ಕ. ತಿರುಗಿಸಿ ಹಿಂದಿನಿಂದ ತೆರೆದರೆ ಕಾರಿನ ಲೆಕ್ಕ. ಈ ಎರಡನೆಯ ಲೆಕ್ಕದಲ್ಲಿ ತಾರೀಖಿನ ಮುಂದೆ ಅಲ್ಲಲ್ಲಿ ‘ಒಂದು ಮುಖ ಕೆಳಗೆ’, ‘ಎರಡು ಮುಖ ಕೆಳಗೆ’, ‘ಅರ್ಧ ಮುಖ ಮೇಲೆ’ ಎಂದು ಬರೆದಿರುವುದನ್ನು ಹುಡುಗನಾಗಿದ್ದಾಗಲೂ ನೋಡಿದ್ದೆ. ಅದರ ಅರ್ಥ ತಿಳಿಯಲು ನನಗೆ ಐವತ್ತು ವರ್ಷಗಳು ಬೇಕಾದವು. ಅರ್ಥ ತಿಳಿದಮೇಲೆ, ನಮ್ಮ ಸೀಮೆಯ ಇಂಧನದ ಇತಿಹಾಸವೇ ಅಲ್ಲಿ ಸಂಕ್ಷಿಪ್ತ ಲಿಪಿಯಲ್ಲಿ ಬರೆದಿಟ್ಟಂತಿದೆ ಎಂದು ತೋರಿತು. ಆ ಲಿಪಿಯನ್ನು ಓದುವುದಕ್ಕೆ ಮುಂಚೆ ಯಂತ್ರದ ವಿಚಾರವಾಗಿ ನಾಲ್ಕು ಮಾತು ಹೇಳಲೇಬೇಕು.

ಪೆಟ್ರೋಲು ದ್ರವರೂಪದಲ್ಲಿಯೇ ಎಂಜಿನಿಗೆ ಇಳಿದರೆ ಪ್ರಯೋಜನವಿಲ್ಲ. ಅದನ್ನು ಮಂಜಿನಂತೆ ನುಣ್ಣಗೆ ಒಡೆದು, ಗಾಳಿಯೊಡನೆ ಹದವಾಗಿ ಬೆರೆಸಿ ಒಳಗೆ ಕಳುಹಬೇಕು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರು ಪೆಟ್ರೋಲಿಗೆ ಸರಿಸುಮಾರು 9,000 ಲೀಟರು ಗಾಳಿ! ಪೆಟ್ರೋಲು ಹೆಚ್ಚಾದರೆ ಕಪ್ಪು ಹೊಗೆ. ಕಡಿಮೆಯಾದರೆ ಎಂಜಿನು ಕಾಯುತ್ತದೆ, ಗಾಡಿ ಮುಗ್ಗರಿಸುತ್ತದೆ. ಈ ಹದವನ್ನು ಗಳಿಗೆಗಳಿಗೆಗೂ ಕಾಯ್ದುಕೊಳ್ಳುವ ಸಾಧನವೇ ಕಾರ್ಬುರೇಟರು. ಹಿಂದೆ ಸೊಳ್ಳೆಗಳಿಗೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲಿರಿ. ಕೊಳವೆಯ ಬಾಯಿಯ ಮೇಲೆ ಗಾಳಿ ರಭಸದಿಂದ ಹಾದುಹೋದಾಗ ಅಲ್ಲಿನ ಒತ್ತಡ ಇಳಿದು, ಕೆಳಗಿನ ದ್ರವ ತಾನಾಗಿ ಮೇಲೇರಿ ತುಂತುರಾಗುತ್ತದೆ. ಕಾರ್ಬುರೇಟರಿನ ಒಳಗುಟ್ಟೂ ಅಷ್ಟೆ.

ಮೊದಮೊದಲಿನ ಮೋಟಾರುಗಳಲ್ಲಿ ಇಷ್ಟೂ ಇರಲಿಲ್ಲ. ಪೆಟ್ರೋಲಿನ ಮೇಲ್ಮೈಯ ಮೇಲೆ ಗಾಳಿಯನ್ನು ಹಾಯಿಸಿ, ಎದ್ದ ಆವಿಯನ್ನೇ ಉರಿಸುತ್ತಿದ್ದರು. ಸಣ್ಣ ಕಂಡಿಯಿಂದ ಪೆಟ್ರೋಲನ್ನು ಚಿಮ್ಮಿಸುವ ಕಾರ್ಬುರೇಟರನ್ನು ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕ್ 1893ರಲ್ಲಿ ರೂಪಿಸಿದ. ಅದೇ ವರ್ಷ ಹಂಗೆರಿಯಲ್ಲಿ ಬಾಂಕಿ ಮತ್ತು ಚೋಂಕಾ ಎಂಬಿಬ್ಬರು ತಾವೇ ಸ್ವತಂತ್ರವಾಗಿ ಅದೇ ತತ್ತ್ವದ ಸಾಧನಕ್ಕೆ ಹಕ್ಕುಪತ್ರ ಕೇಳಿದರು. ಮೇಬ್ಯಾಕ್ ಎಂಬ ಹೆಸರು ನಮ್ಮ ಸೀಮೆಯವರ ಕಿವಿಗೆ ಹೊಸದಲ್ಲ. ಕೊಲ್ಲಾಪುರದ ರಾಜಾರಾಮ ಮಹಾರಾಜರು 1930ರ ದಶಕದಲ್ಲಿ ತರಿಸಿಕೊಂಡ ಕಾರು ಆ ವಿಲ್‌ಹೆಲ್ಮನೂ ಅವನ ಮಗ ಕಾರ್ಲನೂ ಕಟ್ಟಿದ ಸಂಸ್ಥೆಯದೇ. ಕೊಲ್ಲಾಪುರದ ದಸರೆಯ ಮೆರವಣಿಗೆಯಲ್ಲಿ ಅರಮನೆಯವರು ಅದರಲ್ಲಿ ಬರುವುದನ್ನು ನೋಡಲು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಿಂದ ಜನ ಹೋಗುತ್ತಿದ್ದರು. ನಾನೂ ತಂದೆಯವರ ಬೆರಳು ಹಿಡಿದು ಹೋಗಿದ್ದೇನೆ. ಜನ ಮಹಾರಾಜರಿಗೆ ಕೈಮುಗಿಯುತ್ತಿದ್ದರೆ ತಂದೆಯವರು ಆ ಕಾರಿನ ಸದ್ದಿಗೆ ಕಿವಿಗೊಟ್ಟು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಮ್ಮ ಸೀಮೆಗೆ ಮೋಟಾರು ಬೇಕಾದದ್ದು ಅರಸರ ಮೆರವಣಿಗೆಗಾಗಿ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲು ಬೆಳಗಾವಿಯಿಂದ ರಾಯಬಾಗ, ಕುಡಚಿಗಳ ಮೇಲೆ ಮೀರಜಿನತ್ತ ಸಾಗಿತು. ಅದು ಚಿಕ್ಕೋಡಿ ಊರನ್ನು ಮುಟ್ಟಲಿಲ್ಲ, ನಿಪ್ಪಾಣಿಯನ್ನು ಮುಟ್ಟಲಿಲ್ಲ, ಅಥಣಿಯನ್ನೂ ಮುಟ್ಟಲಿಲ್ಲ. ‘ಚಿಕ್ಕೋಡಿ ರೋಡ್’ ಎಂದು ಹೆಸರು ಹೊತ್ತ ನಿಲ್ದಾಣವೊಂದು ದೂರದಲ್ಲಿ ನಿಂತಿತು, ಅಷ್ಟೆ. ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಅವುಗಳ ವ್ಯಾಪಾರಿಗಳು, ಕೋರ್ಟು ಕಚೇರಿಗೆ ಹೋಗುವವರು ಎಲ್ಲರೂ ಎತ್ತಿನ ಗಾಡಿ, ಟಾಂಗಾಗಳನ್ನು ನೆಚ್ಚಬೇಕಾಯಿತು. ಈ ತೆರವನ್ನು ತುಂಬಿದ್ದು ಖಾಸಗಿಯವರ ‘ಸರ್ವಿಸ್ ಮೋಟಾರು’ಗಳು. ಆಗ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ ರಾಯಬಾಗ ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತು. 1949ರಲ್ಲಿ ಆ ಸಂಸ್ಥಾನ ವಿಲೀನವಾಗುವವರೆಗೂ ಒಂದೇ ದಿನದ ಪಯಣದಲ್ಲಿ ಎರಡು ಸರಕಾರಗಳ ನೆಲವನ್ನು ತುಳಿಯಬೇಕಾಗುತ್ತಿತ್ತು.

ಎರಡನೆಯ ಮಹಾಯುದ್ಧ ಬಂದಾಗ ಪೆಟ್ರೋಲಿಗೆ ಪಡಿತರ ಬಂದಿತು. 1942ರಲ್ಲಿ ಬರ್ಮಾ ಜಪಾನೀಯರ ಕೈವಶವಾಗಿ ಅಲ್ಲಿನ ಎಣ್ಣೆ ನಿಂತಮೇಲಂತೂ ಖಾಸಗಿ ಬಸ್ಸುಗಳಿಗೆ ಪೆಟ್ರೋಲು ಕನಸಿನ ಗಂಟಾಯಿತು. ಆಗ ಬಂದವು ಇದ್ದಿಲು ಬಸ್ಸುಗಳು. ಬಸ್ಸಿನ ಬೆನ್ನಿಗೆ ಕಬ್ಬಿಣದ ಒಲೆಯೊಂದನ್ನು ಕಟ್ಟಿ, ಇದ್ದಿಲು ತುಂಬಿ, ಕೈಯಿಂದ ಗಾಳಿಚಕ್ರವನ್ನು ತಿರುವಿ ಬೆಂಕಿ ಮಾಡಿ, ಅದರಿಂದ ಹೊರಟ ಅನಿಲವನ್ನು ಶೋಧಿಸಿ ಎಂಜಿನಿಗೆ ಕೊಡುತ್ತಿದ್ದರು. ಕಾರ್ಬುರೇಟರಿನ ಕೆಲಸವನ್ನು ಅನಿಲ ಗಾಳಿಗಳನ್ನು ಬೆರೆಸುವ ಒಂದು ಮುಚ್ಚಳ ಮಾಡುತ್ತಿತ್ತು. ಎಂಜಿನಿನ ಶಕ್ತಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕುಗ್ಗುತ್ತಿತ್ತಾದ್ದರಿಂದ ನಿಪ್ಪಾಣಿಯ ಬಳಿಯ ತವಂದಿ ಘಾಟಿನಲ್ಲಿ ಪ್ರಯಾಣಿಕರು ಕೆಳಗಿಳಿದು ನಡೆಯುವುದು, ಒಮ್ಮೊಮ್ಮೆ ಹಿಂದಿನಿಂದ ನೂಕುವುದು ಟಿಕೇಟಿನಲ್ಲಿಯೇ ಸೇರಿದ ಕರಾರಿನಂತಿತ್ತು ಎಂದು ತಂದೆಯವರು ಹೇಳುತ್ತಿದ್ದರು. ಬೆಳಗಾವಿಯಲ್ಲಿ ಶಾಲೆ ಓದುತ್ತಿದ್ದ ಅವರು ರಜೆಗೆ ಊರಿಗೆ ಬಂದಾಗ ಅಂಗಿಯ ಮೇಲೆಲ್ಲ ಇದ್ದಿಲ ಪುಡಿ ಇರುತ್ತಿತ್ತಂತೆ.

ಸ್ವಾತಂತ್ರ್ಯ ಬಂದಮೇಲಿನ ಕತೆ ಬೇರೆ. ಯುದ್ಧದಲ್ಲಿ ಉಳಿದ ಜೀಪುಗಳು ಕೆಲವು ಈ ಕಡೆಗೆ ಬಂದವು. 1947ರಿಂದ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಉತ್ತರಪಾಡಾದ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯ ಅಂಬಾಸಡರು 1950ರ ದಶಕದ ಕೊನೆಗೆ ಬಂದಿತು. ಮುಂಬಯಿಯ ಕುರ್ಲಾದಿಂದ ಫಿಯಟ್ ಬಂದಿತು. ಬಸ್ಸು ಲಾರಿಗಳು ಬೇಗನೆ ಡೀಸೆಲಿಗೆ ತಿರುಗಿದ್ದರಿಂದ, ಕಾರ್ಬುರೇಟರಿನ ವಿದ್ಯೆ ಕಾರು, ಜೀಪು, ಮೋಟಾರ್ ಸೈಕಲ್, ಸ್ಕೂಟರುಗಳ ಮಟ್ಟಿಗೆ ಉಳಿಯಿತು. ಆದರೆ ಉಳಿದಷ್ಟರಲ್ಲಿ ಅದು ಬಹಳ ಆಳವಾಗಿ ಬೇರೂರಿತು. ಅದಕ್ಕೆ ಕಾರಣ ನಮ್ಮ ಬಡತನವೆಂದರೆ ತಪ್ಪಾಗಲಾರದು. ಆಮದಿನ ಮೇಲೆ ಕಟ್ಟುನಿಟ್ಟು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಬಿಡಿಭಾಗಗಳು ಸಿಕ್ಕರೆ ಪುಣ್ಯ. ಬೇರೆ ದೇಶಗಳಲ್ಲಿ ಸವೆದ ಕಾರ್ಬುರೇಟರನ್ನು ಬಿಸಾಡಿ ಹೊಸದನ್ನು ಕೂಡಿಸಿದರೆ, ನಿಪ್ಪಾಣಿಯ ಮಿಸ್ತ್ರಿ ಅದನ್ನೇ ಬಿಚ್ಚಿ, ಸವೆದ ಕಂಡಿಗೆ ಹಿತ್ತಾಳೆಯ ಬುಷ್ ಹೊಡೆದು, ಮತ್ತೆ ಹತ್ತು ವರ್ಷ ಓಡಿಸಿದ. ಬುಷ್ ಕಡೆಯಲು ಕೊಲ್ಲಾಪುರದ ಉದ್ಯಮನಗರದ ಲೇತುಗಳು ಇದ್ದವು. ಈ ಸೀಮೆಗೆ ಲೋಹದ ಕೆಲಸ ಹೊಸದೂ ಅಲ್ಲ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಮುಂದೆ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಗುರ್ಲಹೊಸೂರಿನವರಲ್ಲವೆ?

ನಮ್ಮ ಕಾರಿಗಿದ್ದದ್ದು ಎಸ್.ಯು. ಎಂಬ ಜಾತಿಯ ಕಾರ್ಬುರೇಟರು. ಇಂಗ್ಲೆಂಡಿನ ಸ್ಕಿನ್ನರ್ ಮನೆತನದ ಸೋದರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ಸಾಧನ ನೋಡಲು ಪುಟ್ಟ ಗುಮ್ಮಟದಂತಿರುತ್ತದೆ. ಗುಮ್ಮಟದೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನು. ಅದರ ಅಡಿಗೆ ತುದಿ ಸಪೂರವಾಗುತ್ತ ಹೋಗುವ ಒಂದು ಸೂಜಿ. ಸೂಜಿ ಇಳಿಯುವುದು ಜೆಟ್ ಎಂಬ ಕಂಡಿಯೊಳಕ್ಕೆ. ಎಂಜಿನು ಹೆಚ್ಚು ಗಾಳಿ ಎಳೆದಂತೆ ಪಿಸ್ಟನ್ನು ಏರುತ್ತದೆ, ಸೂಜಿಯೂ ಏರುತ್ತದೆ, ಕಂಡಿಯಲ್ಲಿ ಎಡೆ ಹೆಚ್ಚಿ ಪೆಟ್ರೋಲೂ ಹೆಚ್ಚುತ್ತದೆ. ಎಷ್ಟು ಸರಳ! ಇದರ ಅಡಿಯಲ್ಲಿ ಆರು ಮುಖಗಳ ಒಂದು ನಟ್ಟಿದೆ. ಅದನ್ನು ಕೆಳಗಿಳಿಸಿದರೆ ಜೆಟ್ಟೂ ಇಳಿದು ಪೆಟ್ರೋಲು ಹೆಚ್ಚುತ್ತದೆ, ಮೇಲೇರಿಸಿದರೆ ಕಡಿಮೆಯಾಗುತ್ತದೆ. ತಂದೆಯವರ ಪುಸ್ತಕದ ‘ಮುಖ’ ಎಂದರೆ ಈ ನಟ್ಟಿನ ಒಂದು ಮುಖ, ಅರ್ಥಾತ್ ಒಂದು ಸುತ್ತಿನ ಆರನೆಯ ಒಂದು ಪಾಲು.

ಈಗ ಆ ಪುಸ್ತಕವನ್ನು ತೆರೆಯೋಣ.

1971ರ ಬೇಸಿಗೆಯ ಒಂದು ಪುಟ. ಕುಡಚಿಯ ಆಚೆಯ ಹಳ್ಳಿಯೊಂದರಿಂದ ರಾತ್ರಿ ಕರೆ ಬಂದಿತ್ತು. ಗಂಟಲುಮಾರಿ ತಗುಲಿದ ಮಗು. ದಾರಿಯಲ್ಲಿ ಕಾರು ನಿಂತಿತು. ಕಾರ್ಬುರೇಟರಿಗೆ ಪೆಟ್ರೋಲು ಬಿಡುವ ಪುಟ್ಟ ಕವಾಟದ ಸೂಜಿ ಕಸ ಸಿಕ್ಕಿ ಮುಚ್ಚಿಕೊಂಡಿತ್ತು. ಚಾಲಕನಿಗೂ ಗೊತ್ತಾಗಲಿಲ್ಲ, ತಂದೆಯವರಿಗೂ ಗೊತ್ತಾಗಲಿಲ್ಲ. ಕೊನೆಗೆ ದಾರಿಹೋಕ ಜೀಪಿನವನೊಬ್ಬ ಲಾಟೀನಿನ ಬೆಳಕಿನಲ್ಲಿ ಮುಚ್ಚಳ ಬಿಚ್ಚಿ, ಊದಿ, ಕೂಡಿಸಿ ಕೊಟ್ಟ. ಪುಸ್ತಕದಲ್ಲಿ ಇರುವುದು ಇಷ್ಟೆ: ‘ಫ್ಲೋಟ್ ಸೂಜಿಯಲ್ಲಿ ಕಸ. 1 ಗಂಟೆ 10 ನಿಮಿಷ.’ ಪುಸ್ತಕವನ್ನು ತಿರುಗಿಸಿ ಅದೇ ತಾರೀಖಿಗೆ ರೋಗಿಗಳ ಲೆಕ್ಕ ನೋಡಿದರೆ ಆ ಮನೆಯ ಹೆಸರಿನ ಮುಂದೆ ಶುಲ್ಕದ ಜಾಗದಲ್ಲಿ ಒಂದು ಗೆರೆ ಎಳೆದಿದೆ. ಮಗು ಉಳಿಯಲಿಲ್ಲವೆಂದು ತಾಯಿಯವರಿಂದ ನನಗೆ ಅನೇಕ ವರ್ಷಗಳ ನಂತರ ತಿಳಿಯಿತು. ಒಂದು ಗಂಟೆ ಮೊದಲು ಹೋಗಿದ್ದರೆ ಉಳಿಯುತ್ತಿತ್ತೇ ಎಂಬ ಪ್ರಶ್ನೆಯನ್ನು ಅವರು ತಂದೆಯವರನ್ನು ಎಂದೂ ಕೇಳಲಿಲ್ಲವಂತೆ.

ಅದಾದ ಮರುವಾರವೇ ತಂದೆಯವರು ನಿಪ್ಪಾಣಿಯ ಒಂದು ಗ್ಯಾರೇಜಿಗೆ ಹೋಗಿ, ಅಲ್ಲಿದ್ದ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹರೆಯದ ಮಿಸ್ತ್ರಿಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು. ನಾಲ್ಕು ಭಾನುವಾರ ಹೋದರು. ಶಸ್ತ್ರಚಿಕಿತ್ಸೆಯ ಚಿಮುಟಗಳಲ್ಲಿ ಒಂದು ಅಂದಿನಿಂದ ಕಾರಿನ ಡಬ್ಬಿಗೆ ಸೇರಿತು. ‘ಮುಖ’ಗಳ ಲೆಕ್ಕ ಶುರುವಾಗುವುದೂ ಆಗಲೇ.

1973ರ ಕೊನೆಯ ಪುಟಗಳಲ್ಲಿ ನಟ್ಟು ಮೇಲೆ ಮೇಲೆ ಹೋಗುತ್ತದೆ. ಅರಬ್ ಇಸ್ರೇಲ್ ಯುದ್ಧದ ಬೆನ್ನಿಗೆ ಎಣ್ಣೆಯ ಬೆಲೆ ಜಗತ್ತಿನಲ್ಲೆಲ್ಲ ಏರಿದ ಕಾಲ ಅದು. ಪೆಟ್ರೋಲು ಉಳಿಸುವ ಹಟದಿಂದ ತಂದೆಯವರು ಮಿಶ್ರಣವನ್ನು ತೆಳ್ಳಗೆ ಮಾಡಿದ್ದಾರೆ. ‘ಅರ್ಧ ಮುಖ ಮೇಲೆ’, ಎರಡು ವಾರ ಬಿಟ್ಟು ‘ಮತ್ತೆ ಅರ್ಧ’. ಅನಂತರ ಒಂದು ಸಾಲು: ‘ಎಂಜಿನು ಕಾಯುತ್ತಿದೆ. ಮಿಸ್ತ್ರಿ ಬೈದ. ಒಂದು ಮುಖ ಕೆಳಗೆ.’ ಮಿಸ್ತ್ರಿ ಡಾಕ್ಟರನ್ನು ಬೈಯುವಷ್ಟು ಸಲಿಗೆ ಬೆಳೆದಿತ್ತೆಂಬುದೂ ಇಲ್ಲಿಂದ ತಿಳಿಯುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿ ನೋಡಿ ಮಿಶ್ರಣದ ಹದ ತಿಳಿಯುವ ವಿದ್ಯೆಯನ್ನೂ ಅವನೇ ಕಲಿಸಿದ್ದ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಕಡಿಮೆ, ನಿಪ್ಪಾಣಿಯ ಹದವಾದ ತಂಬಾಕಿನ ಬಣ್ಣವಿದ್ದರೆ ಸರಿ. ಇಂಗ್ಲಿಷ್ ಕೈಪಿಡಿಗಳು ಇದನ್ನು ಬರಿ ಕಂದು ಬಣ್ಣವೆಂದು ಹೇಳಿ ಸುಮ್ಮನಾಗುತ್ತವೆ. ನಮ್ಮ ಮಿಸ್ತ್ರಿಯ ಮಾತೇ ಹೆಚ್ಚು ಖಚಿತವೆಂದು ನನ್ನ ಅಭಿಪ್ರಾಯ.

ಇನ್ನು ಕೆಲವು ಕಡೆ ‘ಪೆಟ್ರೋಲಿನಲ್ಲಿ ಚಿಮಣಿ ಎಣ್ಣೆಯ ವಾಸನೆ’ ಎಂದಿದೆ. ಪಡಿತರದ ಸೀಮೆಎಣ್ಣೆ ಅಗ್ಗ, ಪೆಟ್ರೋಲು ದುಬಾರಿ. ಎರಡನ್ನೂ ಬೆರೆಸುವ ವಿದ್ಯೆಗೆ ಕಾರ್ಬುರೇಟರು ಬೇಕಿರಲಿಲ್ಲ. ಅಂಥ ದಿನಗಳಲ್ಲಿ ನಟ್ಟು ಎತ್ತ ತಿರುಗಿದರೂ ಗಾಡಿಗೆ ಸಮಾಧಾನವಿಲ್ಲ. ಬೇಸಿಗೆಯ ಪುಟಗಳಲ್ಲಿ ಇನ್ನೊಂದು ಮಾತು ಮರುಕಳಿಸುತ್ತದೆ: ‘ತವಂದಿ ಘಾಟು. ಒದ್ದೆ ಬಟ್ಟೆ.’ ಘಾಟು ಹತ್ತುವಾಗ ಎಂಜಿನಿನ ಕಾವಿಗೆ ಪೆಟ್ರೋಲು ಪಂಪಿನಲ್ಲಿಯೇ ಕುದಿದು ಆವಿಯಾಗಿ, ಕೊಳವೆಯಲ್ಲಿ ಗುಳ್ಳೆ ಕಟ್ಟಿ, ಗಾಡಿ ನಿಂತುಬಿಡುತ್ತದೆ. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಮರದ ನೆರಳಿನಲ್ಲಿ ಅರ್ಧ ಗಂಟೆ ಕೂತು, ಮತ್ತೆ ಹೊರಡುವುದು. ಏಪ್ರಿಲ್ ತಿಂಗಳಲ್ಲಿ ಆ ಘಾಟಿನ ತಿರುವುಗಳಲ್ಲಿ ಬಾನೆಟ್ಟು ತೆರೆದು ನಿಂತ ಕಾರುಗಳ ಸಾಲನ್ನು ಕಂಡವರು ನಿಮ್ಮಲ್ಲಿಯೂ ಇರಬಹುದು.

1980ರ ಸುಮಾರಿಗೆ ಅಂಬಾಸಡರಿಗೂ ಡೀಸೆಲ್ ಎಂಜಿನು ಬಂದಿತು. ಡೀಸೆಲಿಗೆ ಕಾರ್ಬುರೇಟರು ಬೇಡ. ಬಾಡಿಗೆ ಕಾರಿನವರೆಲ್ಲ ಅತ್ತ ತಿರುಗಿದರು. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂದಿತು. ಹೊಗೆಯ ನಿಯಮಗಳು ಬಿಗಿಯಾಗಿ, ಹೊಸ ಕಾರುಗಳಲ್ಲಿ ಕಾರ್ಬುರೇಟರು ಹೋಗಿ ಗಣಕದ ಆಜ್ಞೆಯಂತೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಪದ್ಧತಿ ಬಂದಿತು. 2014ರಲ್ಲಿ ಅಂಬಾಸಡರಿನ ತಯಾರಿಕೆಯೇ ನಿಂತಿತು. 2020ರ ಏಪ್ರಿಲಿನ ನಿಯಮಗಳೊಡನೆ ಹೊಸ ಮೋಟಾರ್ ಸೈಕಲ್ಲುಗಳಿಂದಲೂ ಕಾರ್ಬುರೇಟರು ಮರೆಯಾಯಿತು. ಹೊಸ ಪದ್ಧತಿ ಎಲ್ಲ ವಿಧದಲ್ಲೂ ಮೇಲು. ಹೊಗೆ ಕಡಿಮೆ, ಪೆಟ್ರೋಲು ಕಡಿಮೆ, ಘಾಟಿನಲ್ಲಿ ಒದ್ದೆ ಬಟ್ಟೆ ಬೇಡ. ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಲಾಗದು. 1971ರ ಆ ರಾತ್ರಿ ಅಂಥ ಕಾರು ಇದ್ದಿದ್ದರೆ ತಂದೆಯವರಿಗೆ ಒಂದು ಗಂಟೆ ಹತ್ತು ನಿಮಿಷ ಉಳಿಯುತ್ತಿತ್ತು.

1994ರಲ್ಲಿ ತಂದೆಯವರು ತೀರಿಕೊಂಡಮೇಲೆ ಕಾರನ್ನು ಕಾಗವಾಡದ ಕಡೆಯ ನಮ್ಮ ಬಂಧುಗಳ ಹೊಲದ ಮನೆಯಲ್ಲಿ ನಿಲ್ಲಿಸಿದ್ದೆ. ವರ್ಷಕ್ಕೊಮ್ಮೆ ಓಡಿಸುವುದು, ಮತ್ತೆ ಮರೆಯುವುದು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದೀತೀರದ ಹಳ್ಳಿಗಳು ಮುಳುಗಿದವಲ್ಲ, ಆಗ ನೀರು ಕಾರಿನ ಬಾನೆಟ್ಟಿನ ಮೇಲೆ ಎರಡು ಅಡಿ ನಿಂತಿತ್ತು. ಮನೆಮಠ ಕಳೆದುಕೊಂಡವರ ನಡುವೆ ಹಳೆಯ ಕಾರಿಗಾಗಿ ಮರುಗುವುದು ನಾಚಿಕೆಯ ಮಾತಾದ್ದರಿಂದ ಸುಮ್ಮನಿದ್ದೆ. ಗುಜರಿಯವರು ಬಂದು ಬೆಲೆ ಕೇಳಿ ಹೋದರು. ಮಗನೂ ಕೊಟ್ಟುಬಿಡಿ ಎಂದ. ಕೊಡಲು ಹೊರಟವನು ಡ್ಯಾಶ್‌ಬೋರ್ಡಿನ ಕಪಾಟನ್ನು ಬರಿದುಮಾಡುವಾಗ ತಂದೆಯವರ ಚಿಮುಟ ಕೈಗೆ ಬಂದಿತು. ಮನೆಗೆ ಬಂದು ಟಿಪ್ಪಣಿ ಪುಸ್ತಕ ಹುಡುಕಿದೆ. ಗುಜರಿಯ ಮಾತು ಅಲ್ಲಿಗೆ ನಿಂತಿತು.

ಎಂಜಿನಿನ ಕೆಲಸ ಬೇರೆ ಕಡೆ ಆಯಿತು. ಅದರಲ್ಲಿ ಹೇಳುವಂಥದೇನೂ ಇಲ್ಲ. ಕಾರ್ಬುರೇಟರನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿಕೊಂಡು 2025ರ ಬೇಸಿಗೆಯಲ್ಲಿ ನಿಪ್ಪಾಣಿಗೆ ಹೋದೆ. ತಂದೆಯವರಿಗೆ ಕಲಿಸಿದ ಮಿಸ್ತ್ರಿ ಈಗ ಎಂಬತ್ತರ ಹತ್ತಿರದ ಮುದುಕರು. ಗ್ಯಾರೇಜನ್ನು ಮೊಮ್ಮಗ ನೋಡಿಕೊಳ್ಳುತ್ತಾನೆ. ಅವನ ಕೈಯಲ್ಲಿ ಗಣಕದ ಸ್ಕ್ಯಾನರು. ಬಟ್ಟೆ ಬಿಚ್ಚಿ ಮುಂದಿಟ್ಟಾಗ ಮೊಮ್ಮಗ ನಕ್ಕ. ಅಜ್ಜ ನಗಲಿಲ್ಲ. ಮುಚ್ಚಳದ ಮೇಲೆ ತಂದೆಯವರು ಗೀಚಿದ್ದ ಗುರುತನ್ನು ಬೆರಳಿನಿಂದ ತಡವಿ, “ಡಾಕ್ಟರ್ ಸಾಹೇಬ್ರ ಗಾಡೀದಲ್ಲೇನ್ರಿ ಇದು?” ಎಂದರು.

“ಹೌದು ಚಾಚಾ. ಇದರ ಕತೆ ಮುಗಿದಿದೆಯೋ ಏನೋ,” ಎಂದೆ.

“ಮುಗದೈತಿ ಅಂತ ಈಗ ಅನಬ್ಯಾಡ್ರಿ ಮಾಸ್ತರ. ತೊಳದ ನೋಡೂಣು.”

ಮೂರು ದಿನ ಸೀಮೆಎಣ್ಣೆಯಲ್ಲಿ ಅದು ನೆನೆಯಿತು. ಗುಮ್ಮಟಕ್ಕೆ ಕಚ್ಚಿಕೊಂಡಿದ್ದ ಪಿಸ್ಟನ್ನನ್ನು ಮರದ ತುಂಡಿನಿಂದ ತಟ್ಟಿ ತಟ್ಟಿ ಬಿಡಿಸಿದರು. ಸುತ್ತಿಗೆ ಮುಟ್ಟಲಿಲ್ಲ. ಪಿಸ್ಟನ್ನೂ ಗುಮ್ಮಟವೂ ಒಂದಕ್ಕೊಂದು ಹೊಂದಿಸಿ ಮಾಡಿದ ಜೋಡಿಗಳು. ಒಂದು ಕೆಟ್ಟರೆ ಬೇರೆ ಕಾರಿನದನ್ನು ತಂದು ಕೂಡಿಸಲಾಗದು. ಅದೃಷ್ಟಕ್ಕೆ ಎರಡೂ ಉಳಿದಿದ್ದವು. ಥ್ರಾಟಲಿನ ಸಲಾಕೆ ಆಡಿ ಆಡಿ ಅದರ ಕಂಡಿ ಮೊಟ್ಟೆಯಾಕಾರವಾಗಿತ್ತು. ಅಲ್ಲಿಂದ ಗಾಳಿ ಕಳ್ಳತನದಲ್ಲಿ ನುಗ್ಗಿದರೆ ನಟ್ಟಿನ ಹದವೆಲ್ಲ ವ್ಯರ್ಥ. ಕೊಲ್ಲಾಪುರಕ್ಕೆ ಕಳಿಸಿ ಹಿತ್ತಾಳೆಯ ಬುಷ್ ಹಾಕಿಸಿ ಹೊಸ ಸಲಾಕೆ ಕೂಡಿಸಿದ್ದಾಯಿತು. ಜೆಟ್ಟು, ಸೂಜಿ, ಫ್ಲೋಟಿನ ಕವಾಟ, ಪ್ಯಾಕಿಂಗುಗಳನ್ನು ಹೊಸದಾಗಿ ತರಿಸಿದೆವು. ಸೂಜಿಯ ಹೆಗಲು ಪಿಸ್ಟನ್ನಿನ ಅಡಿಗೆ ಸರಿಸಮವಾಗಿ ಕೂರಬೇಕು; ಕೂದಲಿನಷ್ಟು ಹೆಚ್ಚು ಕಡಿಮೆಯಾದರೂ ಲೆಕ್ಕ ತಪ್ಪಿತು. ಪಿಸ್ಟನ್ನಿನ ಮೈಗೆ ಎಣ್ಣೆ ಹಚ್ಚಲು ಹೋದ ಮೊಮ್ಮಗನ ಕೈಯನ್ನು ಅಜ್ಜ ತಡೆದರು. ಅದು ಒಣಗಿಯೇ ಇರಬೇಕು. ಎಣ್ಣೆ ಹಚ್ಚಿದರೆ ಧೂಳು ಹಿಡಿದು ಕಚ್ಚುತ್ತದೆ. ಎಣ್ಣೆ ಹಾಕುವುದು ನಡುವಿನ ಟೊಳ್ಳು ಕಡ್ಡಿಯೊಳಗೆ ಮಾತ್ರ. ಪಿಸ್ಟನ್ನು ತಟಕ್ಕನೆ ಹಾರದಂತೆ ತಡೆಯುವುದು ಆ ಎಣ್ಣೆಯ ಕೆಲಸ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಜೆಟ್ಟನ್ನು ನಟ್ಟನಡುವೆ ಕೂಡಿಸುವ ಕೆಲಸ. ಸೂಜಿ ಜೆಟ್ಟಿನ ಗೋಡೆಗೆ ತಾಗದೆ ಇಳಿಯಬೇಕು. ಅದನ್ನು ಕಣ್ಣಿನಿಂದ ನೋಡಲಾಗದು. ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡುತ್ತಾರೆ. ಅದು ಸರಾಗವಾಗಿ ಬಿದ್ದು ‘ಟಕ್’ ಎಂದರೆ ಸರಿ. ಸದ್ದು ಮಂದವಾದರೆ ಸೂಜಿ ಎಲ್ಲಿಯೋ ಸವರುತ್ತಿದೆ ಎಂದರ್ಥ. ಮಿಸ್ತ್ರಿಯವರ ಕಿವಿ ಈಗ ಮಂದ. ಅವರು ಉದ್ದನೆಯ ತಿರುಪುಳಿಯ ತುದಿಯನ್ನು ಕಾರ್ಬುರೇಟರಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರು. ಮೊಮ್ಮಗ ಎತ್ತಿ ಬಿಟ್ಟ. ಅಜ್ಜ ತಲೆಯಾಡಿಸಿದರು. ಸಡಿಲಿಸಿ ಮತ್ತೆ ಬಿಗಿದರು. ಮತ್ತೆ ಎತ್ತಿ ಬಿಟ್ಟ. ಹನ್ನೊಂದನೆಯ ಸಲ ‘ಟಕ್’ ಎಂದಿತು. ಅಷ್ಟು ಹೊತ್ತಿಗೆ ಹುಡುಗನ ನಗೆ ನಿಂತಿತ್ತು. ಹನ್ನೆರಡನೆಯ ಸಲ ತಾನೇ ತಿರುಪುಳಿಯನ್ನು ಇಸಿದುಕೊಂಡು ಕಿವಿಗೆ ಒತ್ತಿಕೊಂಡ.

ಕಾರ್ಬುರೇಟರನ್ನು ಕಾರಿಗೆ ಕೂಡಿಸಿ, ನಟ್ಟನ್ನು ಪೂರ್ತಿ ಮೇಲೇರಿಸಿ, ಅಲ್ಲಿಂದ ಎರಡು ಸುತ್ತು, ಎಂದರೆ ಹನ್ನೆರಡು ಮುಖ ಇಳಿಸಿ ಎಂಜಿನನ್ನು ಎಬ್ಬಿಸಿದರು. ಕೈಪಿಡಿಗಳು ಹೇಳುವ ಆರಂಭದ ಲೆಕ್ಕವೇ ಅದು. ಎಂಜಿನು ಚೆನ್ನಾಗಿ ಕಾದಮೇಲೆ ಪರೀಕ್ಷೆ. ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಬೇಕು. ಎಂಜಿನಿನ ವೇಗ ಏರಿ ಏರಿಯೇ ನಿಂತರೆ ಪೆಟ್ರೋಲು ಹೆಚ್ಚು. ಕೂಡಲೇ ಕುಗ್ಗಿ ನಿಲ್ಲುವಂತಾದರೆ ಕಡಿಮೆ. ಕ್ಷಣಮಾತ್ರ ಏರಿ ಮತ್ತೆ ಮೊದಲಿನಂತಾದರೆ ಹದ. ಎತ್ತಿದೊಡನೆ ನಮ್ಮ ಎಂಜಿನು ಕೆಮ್ಮಿ ನಿಂತುಹೋಯಿತು. ಮೂರು ಸಲವೂ ಹಾಗೆಯೇ. ತಂದೆಯವರ ಪುಸ್ತಕದಲ್ಲಿ ನೋಡಿದರೆ ಎಂದೂ ಹನ್ನೆರಡೂವರೆ ಮುಖಕ್ಕಿಂತ ಕೆಳಗೆ ಇಳಿದದ್ದಿಲ್ಲ.

“ಅವಾಗಿನ ಪೆಟ್ರೋಲ್ ಬ್ಯಾರೆ, ಇವಾಗಿಂದು ಬ್ಯಾರೆ,” ಎಂದರು ಮಿಸ್ತ್ರಿ. “ಇದರಾಗ ನಿಮ್ಮ ಕಬ್ಬಿನ ರಸ ಐತ್ರಿ.”

ಮಾತು ನಿಜ. ಪೆಟ್ರೋಲಿನಲ್ಲಿ ಈಗ ಐದನೆಯ ಒಂದು ಪಾಲು ಇಥನಾಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇದಕ್ಕೆ ಚಾಲನೆ ದೊರೆತು, ಎರಡೇ ವರ್ಷಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಈ ವಿಚಾರವೂ ಹೊಸದಲ್ಲ. ಪೆಟ್ರೋಲಿಗೆ ಮದ್ಯಸಾರ ಬೆರೆಸಲೆಂದು 1948ರಲ್ಲಿಯೇ ಭಾರತೀಯ ಪವರ್ ಆಲ್ಕೊಹಾಲ್ ಕಾಯಿದೆ ಬಂದಿತ್ತು. 2000ದಲ್ಲಿ ಅದು ರದ್ದಾಯಿತು. ಕೃಷ್ಣಾತೀರದ ಉಗಾರದಲ್ಲಿ ಸಕ್ಕರೆ ಕಾರಖಾನೆ 1939ರಲ್ಲಿ ಸ್ಥಾಪನೆಯಾಯಿತು; ಇಂದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಎತ್ತ ನೋಡಿದರೂ ಕಬ್ಬು. ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ಇಥನಾಲ್ ತೆಗೆಯುತ್ತಾರೆ. ಕಬ್ಬಿನ ಬಾಕಿಗಾಗಿ ಕಾದು ಕುಳಿತ ರೈತನಿಗೆ ಇದರಿಂದ ಎರಡು ಕಾಸು ಬೇಗ ಬಂದರೆ ಯಾರು ಬೇಡವೆಂದಾರು? ನನ್ನ ಬಂಧುಗಳೇ ಕಬ್ಬು ಬೆಳೆಯುವವರು. ಆದರೆ ಹಳೆಯ ಗಾಡಿಗೆ ಇದು ಒಗ್ಗದು. ಇಥನಾಲಿನ ಒಡಲಲ್ಲಿಯೇ ಆಮ್ಲಜನಕವಿದೆ. ಅದಕ್ಕೆ ಗಾಳಿ ಒಂಬತ್ತು ಪಾಲು ಸಾಕು. ಬೆರಕೆಗೆ ಬೇಕಾದ ಗಾಳಿ 14.7ರಿಂದ ಸುಮಾರು 13.5 ಪಾಲಿಗೆ ಇಳಿಯುತ್ತದೆ. ಗಣಕವಿರುವ ಕಾರು ಅದನ್ನು ತಾನೇ ಅರಿತು ಸರಿಪಡಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಅರಿವಿಲ್ಲ. ಹಳೆಯ ಲೆಕ್ಕದಲ್ಲಿ ಅದು ಕೊಡುವುದು ತೆಳುವಾದ ಮಿಶ್ರಣ. ಅಲ್ಲದೆ ಇಥನಾಲು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನಲ್ಲಿ ಕಟ್ಟಿದ್ದ ಹಳೆಯ ಅಂಟನ್ನು ಕರಗಿಸಿ ತಂದು ಕವಾಟದಲ್ಲಿ ತುಂಬುತ್ತದೆ. ಪಂಪಿನ ಡಯಾಫ್ರಾಮು, ಕೊಳವೆಗಳು, ರಬ್ಬರು ಗ್ಲ್ಯಾಂಡು ಎಲ್ಲವನ್ನೂ ಇಥನಾಲ್ ತಾಳುವ ಬಗೆಯದಕ್ಕೆ ಬದಲಿಸಬೇಕಾಯಿತು. ಪಂಪಿನ ಹಿಂದೆ ಒಂದು ಶೋಧಕವನ್ನೂ ಕಟ್ಟಿಸಿದೆ. 1971ರಲ್ಲಿ ಆ ಎರಡು ರೂಪಾಯಿಯ ವಸ್ತು ಇರಲಿಲ್ಲ.

ಮಿಸ್ತ್ರಿಯವರು ಕಾರಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನಟ್ಟನ್ನು ಒಂದು ಮುಖ ಇಳಿಸಿದರು. ಪಿಸ್ಟನ್ ಎತ್ತಿದರು, ಎಂಜಿನು ಕುಗ್ಗಿತು, ಆದರೆ ನಿಲ್ಲಲಿಲ್ಲ. ಇನ್ನೊಂದು ಮುಖ. ನಾನು ಏನೋ ಕೇಳಹೊರಟೆ. “ಅದು ಮಾತಾಡಾಕತ್ತೈತಿ, ನೀವು ಸುಮ್ಮ ಇರ್ರಿ,” ಎಂದರು. ಆ ಸಲ ವೇಗ ಕ್ಷಣ ಏರಿ ಹಿಂದಕ್ಕೆ ಬಂದಿತು. ತವಂದಿ ಘಾಟು ಹತ್ತಿ ಬಂದು ಪ್ಲಗ್ಗು ಬಿಚ್ಚಿ ನೋಡಿದೆವು. ತಂಬಾಕಿನ ಬಣ್ಣಕ್ಕಿಂತ ತುಸು ತಿಳಿ. ಇಥನಾಲಿಗೆ ಅಷ್ಟೇ, ಇನ್ನು ಇಳಿಸಬಾರದು ಎಂದು ಅಜ್ಜನ ಮಾತು. ಇನ್ನರ್ಧ ಮುಖ ಇಳಿಸಬೇಕೆಂದು ಮೊಮ್ಮಗನದು. ಅಜ್ಜನ ಮಾತೇ ನಡೆಯಿತು.

ತಂದೆಯವರ ಪುಸ್ತಕದ ಹಿಂಬದಿಯಲ್ಲಿ 1993ರ ಒಂದು ಸಾಲಿನ ಕೆಳಗೆ ಜಾಗವಿತ್ತು. ತಾರೀಖು ಹಾಕಿ, ‘ಹದಿನಾಲ್ಕು ಮುಖ. ಕಬ್ಬಿನ ಪೆಟ್ರೋಲು’ ಎಂದು ಬರೆದೆ. ಮಳೆಗಾಲ ಕಳೆದು ಗಾಳಿ ಒಣಗಿದಮೇಲೆ ಮತ್ತೊಮ್ಮೆ ಕಾರು ತೆಗೆದುಕೊಂಡು ಬರಬೇಕೆಂದು ಮಿಸ್ತ್ರಿಯವರು ಹೇಳಿದ್ದಾರೆ. ತಾವು ಇಲ್ಲದಿದ್ದರೆ ಹುಡುಗ ನೋಡುತ್ತಾನೆ ಎಂದೂ ಹೇಳಿದ್ದಾರೆ.